ಹುಳದ ಮನೆಯಲ್ಲಿ ಮೈಕು

ನನ್ನ ಹೆಂಡತಿಯ ದನಿ ಊರಿಗೆಲ್ಲ ಗೊತ್ತು. ಹಿತ್ತಲ ಬಾಗಿಲಲ್ಲಿ ನಿಂತು "ಊಟಕ್ ಬನ್ರೀ" ಎಂದು ಅವಳು ಕೂಗಿದರೆ, ಹಿಪ್ಪುನೇರಳೆ ತೋಟದ ಆ ತುದಿಯಲ್ಲಿ ಸೊಪ್ಪು ಕೊಯ್ಯುತ್ತಿರುವ ನನಗೆ ಕೇಳಿಸುತ್ತದೆ. ನನಗೊಬ್ಬನಿಗೆ ಕೇಳಿಸಿದ್ದರೆ ಪರವಾಗಿರಲಿಲ್ಲ. ನಡುವಿನ ಹೊಲಗಳಲ್ಲಿ ಇರುವವರೂ ಅದನ್ನು ಕೇಳಿ ಕೈಕಾಲು ತೊಳೆಯಲು ಎದ್ದುಬಿಡುತ್ತಾರೆ. ಬಸ್ಸು ತಪ್ಪಿಸಿಕೊಂಡು ಓಡುವವರಿಗಾಗಿ ಇವಳು ನಮ್ಮ ಜಗುಲಿಯಿಂದಲೇ "ನಿಲ್ಸಪ್ಪಾ" ಎಂದು ಬಸ್ಸು ನಿಲ್ಲಿಸಿಕೊಟ್ಟದ್ದೂ ಉಂಟು. "ಒಸಿ ಮೆಲ್ಲಗೆ ಮಾತಾಡಮ್ಮಿ, ನಾನೇನು ಕಿವುಡನಾ" ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದೇನೆ. ಅವಳು ಕಿವಿಗೆ ಹಾಕಿಕೊಂಡಿಲ್ಲ.

ಹೊಂಗನೂರಿನ ಕಡೆಯ ಹಳ್ಳಿ ನಮ್ಮದು. ಬಿ.ಎ. ಓದಿ ರೇಷ್ಮೆ ಹುಳ ಸಾಕುತ್ತಿರುವವನು ನಾನು. ಓದಿದ್ದರಿಂದ ಬಂದ ಲಾಭವೆಂದರೆ ಸೊಪ್ಪು ಕೊಯ್ಯುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರ್‍ಯಾರದೋ ಪಾಡ್‌ಕಾಸ್ಟ್ ಕೇಳುವ ಚಟ. ಮಾತಾಡುವ ಚಟ ಮಾತ್ರ ನನಗೆ ಮೊದಲಿನಿಂದಲೂ ಇಲ್ಲ. ನಮ್ಮ ಮನೆಯ ಮಾತೆಲ್ಲ ಅವಳದು, ಹೂಂಗುಟ್ಟುವುದಷ್ಟೇ ನನ್ನ ಪಾಲು.

ಹೋದ ವರ್ಷ ಅವಳ ಕತ್ತಿನ ಮುಂದೆ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಅದು ನಿಂಬೆಹಣ್ಣಿನಷ್ಟಾಗಿ ನುಂಗುವುದಕ್ಕೆ ತೊಂದರೆ ಕೊಡತೊಡಗಿದಾಗ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಥೈರಾಯ್ಡ್ ಗಂಟು, ಕೆಟ್ಟದ್ದೇನಲ್ಲ, ಆದರೆ ತೆಗೆಯಲೇಬೇಕು ಎಂದರು. ಆಮೇಲೆ ಕಾಗದದ ಮೇಲೆ ಒಂದು ಕತ್ತು ಬರೆದು ತೋರಿಸಿದರು.

"ಮಾತಿಗೆ ಬೇಕಾದ ನರ ಈ ಗಂಟಿನ ಬೆನ್ನಿಗೇ ಹೋಗುತ್ತೆ. ತುಂಬಾ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಒಂದಷ್ಟು ದಿನ ದನಿ ಕೂತುಬಿಡುತ್ತೆ. ಅಪರೂಪಕ್ಕೆ ಯಾರಿಗೋ ಒಬ್ಬರಿಗೆ ಅದು ಹಾಗೇ ಉಳಿಯಬಹುದು. ಮೊದಲೇ ಹೇಳೋದು ನಮ್ಮ ಧರ್ಮ."

ನಾನು ಹೂಂ ಎಂದೆ. ಹೆಂಡತಿ ಆ ಮಾತೇ ಕೇಳದವಳಂತೆ ತಾರೀಖಿನ ಮೇಲೆ ಜಗಳಕ್ಕೆ ನಿಂತಳು. "ಆವತ್ತಿಗೆ ಬರಕಾಗಲ್ಲ ಡಾಕ್ಟ್ರೆ. ನಮ್ಮವು ನಾಲ್ಕನೇ ಜ್ವರ ಎದ್ದಿರ್ತವೆ. ಮೇಯೋ ಹೊತ್ತು." ಮನೆಯಲ್ಲಿ ಯಾರಿಗೆ ಜ್ವರ ಎಂದು ಡಾಕ್ಟರಮ್ಮ ಗಾಬರಿಯಾದರು. ಹುಳು ಬೆಳೆಯುತ್ತಾ ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತೇವೆ, ನಾಲ್ಕನೆಯದು ಎದ್ದಮೇಲೆ ಅದರ ಹೊಟ್ಟೆಗೆ ಎಷ್ಟು ಹಾಕಿದರೂ ಸಾಲದು ಎಂದು ನಾನು ವಿವರಿಸಬೇಕಾಯಿತು. ಅವರು ನಕ್ಕರು, ಆದರೆ ತಾರೀಖು ಬದಲಿಸಲಿಲ್ಲ. ಮಾಗಡಿಗೆ ಕೊಟ್ಟಿರುವ ಮಗಳು ಅಳಿಯನ ಜೊತೆ ಬಂದು ಹುಳ ನೋಡಿಕೊಳ್ಳುತ್ತೇನೆಂದು ಫೋನಿನಲ್ಲಿ ಒಪ್ಪಿದ ಮೇಲೆ ಇವಳು ಸುಮ್ಮನಾದಳು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಸೊಪ್ಪಿನ ಮಾತು, ಮಗಳ ಮಾತು, ಮುಂದಿನ ಸೀಟಿನವಳ ಸೀರೆಯ ಮಾತು. ಈ ದನಿ ಇನ್ನು ಕೆಲವೇ ದಿನ ಇರಬಹುದು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ಬಿಡದಿ ದಾಟುವಷ್ಟರಲ್ಲಿ ಅದನ್ನು ಹಿಡಿದಿಟ್ಟುಕೊಳ್ಳಬೇಕೆಂದು ತೀರ್ಮಾನಿಸಿದ್ದೆ.

ಮಾರನೆಯ ದಿನ ಅವಳು ರೊಟ್ಟಿ ತಟ್ಟುವಾಗ ಗೊತ್ತಾಗದ ಹಾಗೆ ಫೋನಿನಲ್ಲಿ ರೆಕಾರ್ಡು ಮಾಡಿ ನೋಡಿದೆ. ಡಬ್ಬದೊಳಗಿಂದ ಯಾರೋ ಜಗಳವಾಡುತ್ತಿರುವಂತೆ ಬಂತು. ದನಿ ಏರಿದ ಕಡೆಯೆಲ್ಲ ಒಡೆದುಹೋಗಿತ್ತು. ಒಳ್ಳೆಯ ಮೈಕು ಬೇಕು ಎಂದು ಗೊತ್ತಾಯಿತು. ಆದರೆ ಯಾಕೆ ಬೇಕು ಎಂದು ಅವಳಿಗೆ ಹೇಳುವುದು ಹೇಗೆ? "ನಿನ್ನ ದನಿ ಹೋಗಬಹುದು, ಅದಕ್ಕೇ ಎತ್ತಿಟ್ಟುಕೊಳ್ಳುತ್ತೇನೆ" ಎಂದರೆ ಇರುವಾಗಲೇ ತಿಥಿ ಮಾಡಿದ ಹಾಗಾಗುತ್ತದೆ. ಅದಕ್ಕೆ ಒಂದು ಸುಳ್ಳು ಹೊಸೆದೆ.

"ನಾವೊಂದು ಪಾಡ್‌ಕಾಸ್ಟ್ ಮಾಡನ ಕಣಮ್ಮಿ."

"ಅದೇನು ಬೆಳೆನಾ?"

"ರೇಡಿಯೋ ಇದ್ದಂಗೆ. ನೀನು ಮಾತಾಡೋದು, ಜನ ಫೋನಲ್ಲಿ ಕೇಳೋದು."

"ನಾನು ಮಾತಾಡುದ್ರೆ ಫೋನ್ ಯಾಕ್ರೀ ಬೇಕು? ಹಂಗೇ ಕೇಳ್ತದಲ್ಲ."

ಇಷ್ಟಾದರೂ ಬೇಡವೆನ್ನಲಿಲ್ಲ. ಅದೇ ದೊಡ್ಡದೆಂದುಕೊಂಡೆ.

ಮೈಕು ಆರಿಸುವ ಕೆಲಸವನ್ನು ಮೈಮೇಲೆ ಎಳೆದುಕೊಂಡವನು ನಾನು. ಹೋರಿ ಕೊಳ್ಳುವಾಗಲೂ ಅಷ್ಟು ವಿಚಾರಿಸಿರಲಿಲ್ಲ. ಫೋನಿನಲ್ಲಿ ಎಷ್ಟೋ ವಿಡಿಯೋ ನೋಡಿದೆ. ಕಡಿಮೆ ಬೆಲೆಯ ಯುಎಸ್‌ಬಿ ಮೈಕುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಒಬ್ಬೊಬ್ಬರೂ ಒಂದೊಂದರ ಗುಣ ಹಾಡುತ್ತಿದ್ದರು. ಎಲ್ಲರ ಕೋಣೆಯ ಗೋಡೆಗೂ ಕಪ್ಪು ಸ್ಪಂಜು ಬಡಿದಿತ್ತು. ಅವರ್‍ಯಾರ ಮನೆಯಲ್ಲೂ ಕೋಳಿ ಇರಲಿಲ್ಲ, ಎದುರಿಗೆ ಫ್ಲೋರ್‌ಮಿಲ್ ಇರಲಿಲ್ಲ. ನೋಡಿ ನೋಡಿ ತಲೆ ಕೆಟ್ಟು, ಕೊನೆಗೆ ಚನ್ನಪಟ್ಟಣಕ್ಕೆ ಹೋಗಿ ಗೆಳೆಯನ ಅಂಗಡಿಯಲ್ಲಿ ಕೂತೆ.

ಈ ಗೆಳೆಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಅವನ ಮನೆಯವರೆಲ್ಲ ಬಣ್ಣದ ಗೊಂಬೆ ಕಡೆಯುವವರು. ಇವನೊಬ್ಬ ಮಾತ್ರ ದಾರಿ ತಪ್ಪಿ ಲೌಡ್‌ಸ್ಪೀಕರು ಹಿಡಿದ. ಕನಕಪುರದಿಂದ ಮಾಗಡಿಯವರೆಗೆ ಯಾರ ಮನೆಯ ಮದುವೆಯಾದರೂ ಇವನ ಮೈಕ್‌ಸೆಟ್ಟು ಹೋಗುತ್ತದೆ. ನನ್ನ ಹೆಂಡತಿ ಅವನನ್ನು ಭಾಯಣ್ಣ ಅನ್ನುತ್ತಾಳೆ, ಅವನು ಇವಳನ್ನು ತಂಗಿ ಅನ್ನುತ್ತಾನೆ.

"ತಂಗಿ ಇರೋ ಮನೆಗೆ ಮೈಕ್ ಯಾಕ್ಲಾ?" ಎಂದು ಅವನೂ ತಮಾಷೆ ಮಾಡಿದ. ನಿಜ ಸಂಗತಿ ಹೇಳಿದೆ. ರಿಪೇರಿಗೆ ಬಿಚ್ಚಿಟ್ಟುಕೊಂಡಿದ್ದ ಡಬ್ಬವನ್ನು ಪಕ್ಕಕ್ಕಿಟ್ಟು, ಎರಡು ಟೀ ಹೇಳಿ, ಹತ್ತಿರ ಬಂದು ಕೂತ.

"ನೋಡ್ಲಾ, ಎರಡು ಜಾತಿ ಐತೆ. ಕಂಡೆನ್ಸರ್ ಅನ್ನೋದು ಅತ್ತೆ ಇದ್ದಂಗೆ. ಅಡುಗೆಮನೆಲಿ ಚಮಚ ಅಲ್ಲಾಡುದ್ರೂ ಅದಕ್ಕೆ ಕೇಳ್ತದೆ. ಡೈನಮಿಕ್ ಅನ್ನೋದು ಗಂಡ ಇದ್ದಂಗೆ. ಮೂತಿ ಹತ್ರ ಹೋಗಿ ಹೇಳುದ್ರೆ ಮಾತ್ರ ಕೇಳ್ತದೆ, ಮಿಕ್ಕಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮನೆ ರೋಡ್ ಪಕ್ಕ. ಡೈನಮಿಕ್ ತಗೊ."

ಅವನ ಮಾತು ಸರಿಯಾಗಿಯೇ ಇತ್ತು. ಆದರೆ ನಾನು ಕಂಡೆನ್ಸರ್ ತರಿಸಿದೆ. ವಿಡಿಯೋಗಳಲ್ಲಿ ಎರಡನ್ನೂ ಪಕ್ಕಪಕ್ಕ ಕೇಳಿದಾಗ, ಕಂಡೆನ್ಸರಿನಲ್ಲಿ ದನಿಯ ಜೊತೆ ಉಸಿರೂ ಬರುತ್ತಿತ್ತು. ಅವಳದು ಏನೂ ಬಿಟ್ಟುಹೋಗಬಾರದೆಂದು ನನ್ನ ಆಸೆ. ಅದರ ಬುಡದಲ್ಲಿ ಉರಿಯುವ ನೀಲಿ ದೀಪಕ್ಕೂ ಸ್ವಲ್ಪ ಮನಸೋತಿದ್ದೆ, ಸುಳ್ಳೇಕೆ ಹೇಳಲಿ. ಎರಡು ಮೂಟೆ ಗೊಬ್ಬರದ ದುಡ್ಡಿಗೆ ಮೈಕು, ಪುಟ್ಟ ಸ್ಟ್ಯಾಂಡು, ತಲೆಗೊಂದು ಸ್ಪಂಜಿನ ಟೋಪಿ, ಫೋನಿಗೆ ಸೇರಿಸುವ ತಂತಿ, ಎಲ್ಲ ಬಂತು.

ಇನ್ನು ಜಾಗ. ನಡುಮನೆಯಲ್ಲಿ ಇಟ್ಟರೆ ಫ್ಲೋರ್‌ಮಿಲ್ಲು, ಜಗುಲಿಯಲ್ಲಿ ಇಟ್ಟರೆ ಬಸ್ಸು, ಹಿತ್ತಲಲ್ಲಿ ಇಟ್ಟರೆ ಕೋಳಿ. ಆಗ ನನಗೆ ಹುಳದ ಮನೆ ಹೊಳೆಯಿತು. ಮನೆಯ ಹಿಂದೆ ಒಂಟಿಯಾಗಿರುವ ಉದ್ದನೆಯ ಕಟ್ಟಡ ಅದು. ದಪ್ಪ ಗೋಡೆ, ಕಿಟಕಿಗೆಲ್ಲ ಬಲೆ, ಅದರ ಮೇಲೆ ಗೋಣಿಚೀಲದ ಪರದೆ. ಚಪ್ಪಲಿ ಬಿಟ್ಟು, ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಹೊರಗಿನವರನ್ನು ಬಿಡುವುದಿಲ್ಲ. ಮೈಕು ಕೂರಿಸಿಕೊಡಲು ಬಂದ ಗೆಳೆಯನನ್ನೂ ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು. "ಭಾಯಣ್ಣ, ಸೆಂಟ್ ಹೊಡ್ಕೊಂಡಿದೀರಾ. ಹುಳಕ್ಕೆ ಆಗ್ಬರಲ್ಲ." ಪಾಪ, ಅವನು ಬಲೆಯ ಹೊರಗೆ ನಿಂತುಕೊಂಡೇ "ಗೇನ್ ಕಮ್ಮಿ ಮಾಡ್ಲಾ, ಸದ್ದು ಎಳ್ಕೊಳೋ ಗುಂಡಿ ಅದು, ಇನ್ನೂ ಕಮ್ಮಿ" ಎನ್ನುತ್ತಾ ಎಲ್ಲವನ್ನೂ ಹೇಳಿಕೊಟ್ಟು ಹೋದ.

ಊರಿನಲ್ಲಿ ಇಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ನಂಬಿಕೆ. ಸ್ಟೂಲಿನ ಮೇಲೆ ಮೈಕಿಟ್ಟು, ಅದರ ಹಿಂದೆ ಫೋನು ಹಿಡಿದು ಕೂತೆ. ಅವಳು ಕೂರಲಿಲ್ಲ. ಹುಳಗಳಿಗೆ ಸೊಪ್ಪಿನ ಕಡ್ಡಿ ಹಾಸುತ್ತಾ ಆ ತುದಿಯಿಂದ ಈ ತುದಿಗೆ ಓಡಾಡಿಕೊಂಡು ಮಾತಾಡಿದಳು. "ಏನ್ ಹೇಳ್ಲಿ" ಎಂದಳು. ಏನಾದರೂ ಹೇಳು, ನಿನ್ನ ತವರಿಂದು ಹೇಳು ಎಂದೆ.

ಬೈರಮಂಗಲದ ಕೆರೆಯ ಕಥೆ ಶುರುವಾಯಿತು. ಅವಳಪ್ಪ ಬೇಸಾಯ ಮಾಡುತ್ತಿದ್ದ ಹೊಲ ನೀರಿನ ಆಚೆ ದಡದಲ್ಲಿತ್ತಂತೆ. ಬುತ್ತಿ ಹೊತ್ತು ಬಳಸಿಕೊಂಡು ಹೋದರೆ ಹೊತ್ತು ಇಳಿದುಹೋಗುತ್ತಿತ್ತು. ಅದಕ್ಕೆ ಇವಳು ಈಚೆ ದಡದಲ್ಲಿ ನಿಂತು ಕೂಗುತ್ತಿದ್ದಳಂತೆ. ಅಪ್ಪನಿಗೆ ಕೇಳಿಸುವವರೆಗೆ ಕೂಗಬೇಕು. ಕೇಳಿಸಿದರೆ ಆತ ಟವೆಲ್ಲು ಬೀಸುತ್ತಿದ್ದನಂತೆ, ಅರ್ಧ ದಾರಿ ತಾನೂ ನಡೆದು ಬರುತ್ತಿದ್ದನಂತೆ. "ಮೊದಮೊದ್ಲು ಗಂಟ್ಲು ಹರಿದೋಗೋದು. ಆಮೇಲೆ ಅದೇ ರೂಢಿ ಆಗ್ಬುಡ್ತು. ನೀರಾಚೆಗೆ ಕೂಗಿ ಕೂಗಿ ನಂಗೆ ಹತ್ರ ಇರೋರ ಜೊತೆ ಮಾತಾಡೋದೇ ಬರದಂಗಾಯ್ತು." ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇದು ಗೊತ್ತೇ ಇರಲಿಲ್ಲ. ಮೈಕಿನ ಹಿಂದೆ ಕೂತು ಬಾಯಿಬಿಟ್ಟುಕೊಂಡು ಕೇಳಿದೆ.

ಗೆದ್ದೆ ಎಂದುಕೊಂಡು ಮಾರನೆಯ ದಿನ ಫೋನು ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಗೆಳೆಯ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕೇಳಿದ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿದ.

"ಮಳೆ ಬತ್ತಿತ್ತೇನ್ಲಾ?"

"ಮಳೆ ಎಲ್ಲಿ? ಬಿಸಿಲು ರಾಚ್ತಾ ಇತ್ತು."

ಅವನು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದ. ನಿಜ, ಮಳೆ. ಅವಳ ಮಾತಿನ ಹಿಂದೆ ಒಣಗಿದ ಎಲೆಗಳ ಮೇಲೆ ಜಿಟಿಜಿಟಿ ಮಳೆ ಸುರಿಯುತ್ತಿತ್ತು. ಕೆಲವು ಕಡೆ ಅವಳ ಮಾತೇ ಅದರಲ್ಲಿ ಮುಳುಗಿಹೋಗುತ್ತಿತ್ತು. ಮೈಕು ದೋಷದ್ದು ಎಂದೆ. ತಂತಿ ದೋಷದ್ದು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಕೊನೆಗೆ ಫೋನಿನ ಕಂಪನಿಯವರನ್ನೂ ಬೈದೆ. ಗೆಳೆಯ ತಂತಿ ಬದಲಾಯಿಸಿ ಅಂಗಡಿಯಲ್ಲೇ ಮೈಕು ಪರೀಕ್ಷಿಸಿದ. ಅಲ್ಲಿ ಮಳೆ ಇರಲಿಲ್ಲ.

ಮನೆಗೆ ಬಂದು ಸಿಟ್ಟಿನಲ್ಲೇ ಸಂಜೆಯ ಸೊಪ್ಪು ಹಾಕಲು ಹುಳದ ಮನೆಗೆ ಹೋದೆ. ಕಡ್ಡಿ ಹಾಸಿ ಮುಗಿಸಿ, ಬಾಗಿಲ ಹತ್ತಿರ ನಿಂತೆ. ಕಿವಿಯಲ್ಲಿ ಇನ್ನೂ ಆ ಮಳೆಯೇ ಇತ್ತು. ನಿಂತು ನಿಂತು ಕೇಳುತ್ತಿರುವಾಗ ಅದು ಕಿವಿಯೊಳಗಿನದಲ್ಲ ಎಂದು ಗೊತ್ತಾಯಿತು. ಮನೆ ತುಂಬಾ ಹುಳಗಳು ಸೊಪ್ಪು ಮೇಯುತ್ತಿದ್ದವು. ಅಷ್ಟೂ ಬಾಯಿಗಳ ಸದ್ದು. ನಾನು ಹುಟ್ಟಿದ್ದೂ ಬೆಳೆದದ್ದೂ ಆ ಸದ್ದಿನ ಪಕ್ಕದಲ್ಲೇ. ನಿಶ್ಶಬ್ದ ಎಂದು ನಾನು ಕರೆಯುತ್ತಿದ್ದದ್ದೇ ಅದನ್ನು.

ಹೆಂಡತಿಗೆ ಹೇಳಿದರೆ ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು. "ಅಷ್ಟೂ ಗೊತ್ತಿಲ್ವೇನ್ರೀ ನಿಮ್ಗೆ? ಮದ್ವೆಯಾಗಿ ಬಂದ ಹೊಸ್ದ್ರಲ್ಲಿ ನಾನು ಈ ಸದ್ದು ಕೇಳಿ, ಮಳೆ ಬಂತು ಅಂತ ಅಂಗಳದಲ್ಲಿ ಒಣಗಾಕಿದ್ದ ರಾಗಿ ಎತ್ತಕ್ಕೆ ಓಡಿದ್ದೆ. ನಿಮ್ಮವ್ವ ಊರಿಗೆಲ್ಲ ಹೇಳ್ಕೊಂಡು ನಕ್ಕಿತ್ತು." ಆ ನಗುವನ್ನಾದರೂ ಹಿಡಿಯಬೇಕಿತ್ತು. ಮೈಕು ಆಗ ಡಬ್ಬದಲ್ಲಿತ್ತು.

ಗೆಳೆಯ ಒಂದು ಡೈನಮಿಕ್ ಮೈಕನ್ನು ಬಳಸಿ ನೋಡು ಎಂದು ಕೊಟ್ಟು ಕಳಿಸಿದ. ಅದೂ ಯುಎಸ್‌ಬಿಯದೇ, ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಮಳೆ ಬರಲಿಲ್ಲ, ಬಸ್ಸೂ ಬರಲಿಲ್ಲ. ಆದರೆ ಅವಳು ಓಡಾಡುವ ಹಾಗಿಲ್ಲ, ಬಾಯಿಯನ್ನು ಮೈಕಿಗೆ ತಾಗಿಸಿದಂತೆ ಹಿಡಿದು ಕೂರಬೇಕು. ಕೂರಿಸಿದೆ. ಅವಳು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, "ಎಲ್ಲಾ ಕೇಳುಗರಿಗೂ ನಮಸ್ಕಾರಗಳು. ನಾನು ಒಬ್ಬ ರೈತ ಮಹಿಳೆ" ಎಂದು ಶುರುಮಾಡಿದಳು. ವಾರ್ತೆ ಓದುವವರ ಹಾಗೆ ಒಂದೊಂದು ಅಕ್ಷರವನ್ನೂ ತೊಳೆದಿಟ್ಟಳು. ಬೈರಮಂಗಲ ಬಂತು, ಕೆರೆ ಬಂತು, ಅಪ್ಪನೂ ಬಂದ. ಅವಳೇ ಬರಲಿಲ್ಲ.

"ಇದು ನೀನಲ್ಲ ಕಣಮ್ಮಿ" ಎಂದು ರೇಗಿದೆ.

"ಇಷ್ಟ್ ಹತ್ರ ಬಾಯಿ ತಂದು ನಾನು ಯಾರ ಜೊತೆ ಮಾತಾಡಿದೀನ್ರೀ?" ಎಂದು ಅವಳೂ ರೇಗಿ ಎದ್ದುಹೋದಳು.

ಆವತ್ತು ನನಗೆ ಅನ್ನ ಸೇರಲಿಲ್ಲ. ಅತ್ತೆಯೂ ಒಲಿಯಲಿಲ್ಲ, ಗಂಡನೂ ಒದಗಲಿಲ್ಲ. ಆಸ್ಪತ್ರೆಯ ದಿನ ಹತ್ತಿರ ಬರುತ್ತಿತ್ತು. ಒಂದು ಒಳ್ಳೆಯ ಮೈಕು ಆರಿಸಲಾರದ ನಾನು ಇವಳನ್ನೇನು ಉಳಿಸಿಕೊಂಡೇನು ಎಂದೆಲ್ಲ ತಲೆಹರಟೆ ಯೋಚನೆಗಳು ಬಂದವು. ನಿಜವಾಗಿ ನನಗೆ ಹೆದರಿಕೆಯಾಗಿತ್ತು, ಅದನ್ನು ಮೈಕಿನ ಮೇಲೆ ಹಾಕುತ್ತಿದ್ದೆ.

ದಾರಿ ತೋರಿಸಿದ್ದು ಅವಳೇ. ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ನಾಳಿಕ್ಕೆ ಜ್ವರಕ್ಕೆ ಕೂರ್ತವೆ" ಎಂದಳು. ನಾನು ಹೂಂ ಎಂದೆ. "ಹೂಂ ಅಂತೀರಲ್ಲ, ಜ್ವರಕ್ಕೆ ಕೂತ್ರೆ ಮೇಯ್ತವಾ?"

ಇಲ್ಲ. ಜ್ವರಕ್ಕೆ ಕೂತ ಹುಳು ಮೇವು ಬಿಡುತ್ತದೆ. ತಲೆಯೆತ್ತಿಕೊಂಡು, ಕದಲದೆ, ಹಳೆಯ ಪೊರೆ ಕಳಚುವವರೆಗೆ ಹಾಗೇ ಇರುತ್ತದೆ. ಒಂದು ಹಗಲು, ಒಂದು ರಾತ್ರಿ. ಆಗ ಸೊಪ್ಪು ಹಾಕುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಚ್ಚಿ ಬಂದುಬಿಡುತ್ತೇವೆ. ಮೇಯುವಾಗಿನ ಸದ್ದು ಕೇಳದಷ್ಟು ರೂಢಿಯಾಗಿದ್ದ ನನಗೆ, ಸದ್ದಿಲ್ಲದ ದಿನವೂ ಒಂದು ಇದೆ ಎಂಬುದು ಹೊಳೆದಿರಲಿಲ್ಲ.

ಮಾರನೆಯ ಮಧ್ಯಾಹ್ನ ಒಳಗೆ ಹೋದೆವು. ಅದೇ ಕಂಡೆನ್ಸರು, ಅದೇ ಸ್ಟೂಲು. ಗೆಳೆಯನಿಂದ ಕೇಳಿ ತಂದಿದ್ದ ಹೆಡ್‌ಫೋನು ಹಾಕಿಕೊಂಡೆ. ಏನೂ ಇಲ್ಲ. ನನ್ನ ಜೀವಮಾನದಲ್ಲಿ ಅಂಥ ಖಾಲಿಯನ್ನು ಕೇಳಿರಲಿಲ್ಲ. ಅವಳು ಬಳೆ ಸರಿಸಿದ್ದು ಕೇಳಿಸಿತು, ಉಸಿರು ತೆಗೆದುಕೊಂಡದ್ದು ಕೇಳಿಸಿತು. ಮೊದಲು ಊಟಕ್ಕೆ ಕರೆಯುವ ಆ ಕೂಗನ್ನು ಕೂಗು ಎಂದು ಕೇಳಿದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಅದೇ.

"ಥೂ, ಜ್ವರ ಬಂದೋರ ಮುಂದೆ ಯಾರಾದ್ರೂ ಕೂಗಾಡ್ತಾರಾ?" ಎಂದು ಅವಳು ಪಿಸುಗುಟ್ಟಿದಳು. ನಮ್ಮಲ್ಲಿ ಅದು ಕಟ್ಟುನಿಟ್ಟು. ಆ ಹೊತ್ತಿನಲ್ಲಿ ಹುಳದ ಮನೆಯಲ್ಲಿ ದನಿಯೆತ್ತುವಂತಿಲ್ಲ. ಹಾಗಾಗಿ ಅವಳು ಎದುರು ಗೋಡೆಗೆ ಒರಗಿ ಕೂತಲ್ಲಿಂದಲೇ ಮೆಲ್ಲಗೆ ಮಾತಾಡಿದಳು. ಡೈನಮಿಕ್ ಆಗಿದ್ದರೆ ಅಷ್ಟು ದೂರದಿಂದ ಆ ಪಿಸುಮಾತು ಅದಕ್ಕೆ ಎಟುಕುತ್ತಲೇ ಇರಲಿಲ್ಲ. ಇದು ಅಕ್ಷರ ಬಿಡದೆ ಎತ್ತಿಕೊಂಡಿತು.

ಅವಳ ಮೊದಲ ಮಾತಿಗೇ ನನ್ನ ಕೈಯಲ್ಲಿದ್ದ ಫೋನು ಜಾರಿತು.

"ಪಾಡ್‌ಕಾಸ್ಟೂ ಇಲ್ಲ, ಗೀಡ್‌ಕಾಸ್ಟೂ ಇ‍ಲ್ಲ. ಡಾಕ್ಟ್ರು ಹೇಳ್ದಾಗ ನಾನೂ ಅಲ್ಲೇ ಕೂತಿದ್ದೆ ಅಲ್ವೇನ್ರೀ? ಕತ್ತು ನಂದೇ ತಾನೆ?"

ಬಿದ್ದ ಫೋನನ್ನು ಎತ್ತಿ, ರೆಕಾರ್ಡು ನಿಂತಿಲ್ಲವಲ್ಲ ಎಂದು ನೋಡಿಕೊಂಡೆ. ಅವಳು ಮುಂದುವರಿಸಿದಳು. ಮಾಗಡಿಯ ಮೊಮ್ಮಗಳನ್ನು ಮಲಗಿಸುವ ಜೋಗುಳ ಹಾಡಿದಳು. ಉಪ್ಸಾರಿನ ಖಾರ ಹೇಗೆ ಅರೆಯಬೇಕು ಎಂದು ಮಗಳಿಗೆ ಹೇಳಿದಳು. ನೀರಿನಾಚೆಗಿನ ಅಪ್ಪನ ಕಥೆಯನ್ನು ಇನ್ನೊಂದು ಸಲ ಹೇಳಿದಳು. ಕೊನೆಗೆ ನನ್ನ ಸರದಿ. ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕುವುದರಿಂದ ಹಿಡಿದು ಬಾಯಿಬಿಟ್ಟು ಏನೂ ಹೇಳದ ನನ್ನ ಗುಣದವರೆಗೆ ಎಲ್ಲವನ್ನೂ ಬೈದಳು. ಜೋರಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆಲ್ಲಗೆ ಬೈದದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ನನಗೆ ಕಣ್ಣು ತುಂಬಿಬಂತು. ಹುಳುಗಳು ತಲೆಯೆತ್ತಿಕೊಂಡು ಕೂತೇ ಇದ್ದವು.

ಎರಡು ದಿನ ಕಳೆದು ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಮೇಲೆ ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ತುಟಿ ಅಲ್ಲಾಡಿತು, ಗಾಳಿ ಬಂತು, ಮಾತು ಬರಲಿಲ್ಲ. ನರಕ್ಕೆ ಏನೂ ಆಗಿಲ್ಲ, ಸ್ವಲ್ಪ ಸುಸ್ತಾಗಿದೆ, ಕಾಯಬೇಕು, ಈಗ ಹೆಚ್ಚು ಮಾತಾಡಿಸಬೇಡಿ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಹೂಂ ಎಂದೆ. ಕಾರಿಡಾರಿಗೆ ಬಂದು ಮಗಳಿಗೆ ಫೋನು ಮಾಡಿದೆ.

ಮಗಳು ಅಳಿಯ ಹುಳಗಳನ್ನು ಚೆನ್ನಾಗಿ ಮೇಯಿಸಿದ್ದರು. ಗೂಡು ಕಟ್ಟಿದವು, ರಾಮನಗರದ ಮಾರ್ಕೆಟ್ಟಿಗೆ ಹೋದವು, ಅವರು ಮಾಗಡಿಗೆ ಹಿಂದಿರುಗಿದರು. ಆಮೇಲೆ ನಮ್ಮ ಮನೆ ನಿಜವಾಗಿ ಸುಮ್ಮನಾಯಿತು. ಮಧ್ಯಾಹ್ನ ತೋಟದ ತುದಿಯಲ್ಲಿ ನನಗೆ ಹೊತ್ತು ತಿಳಿಯುತ್ತಿರಲಿಲ್ಲ. ಪಕ್ಕದ ಹೊಲದವರು "ಅಮ್ಮಾರು ಇನ್ನೂ ಕೂಗ್ತಾ ಇಲ್ವಾ?" ಎಂದು ಕೇಳುತ್ತಿದ್ದರು. ಅವರಿಗೂ ಊಟ ತಡವಾಗುತ್ತಿತ್ತೋ ಏನೋ. ನಾನು ಮನೆಗೆ ಬಂದಾಗ ಅವಳು ಜಗುಲಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತಿರುತ್ತಿದ್ದಳು. ಫೋನಿನಲ್ಲಿ ತನ್ನದೇ ಮಾತು ಕೇಳುತ್ತಿದ್ದಳು. ಬೇಸರವಾದೀತೆಂದು ಮೊದಲು ಬೇಡವೆಂದೆ. ಕೈಯಾಡಿಸಿ ನನ್ನನ್ನು ಅತ್ತ ಕಳಿಸಿದಳು.

ದನಿ ಒಂದೇ ದಿನ ಬರಲಿಲ್ಲ. ಮೊದಲು "ನೀರು", ಆಮೇಲೆ "ಬ್ಯಾಡ", ಆಮೇಲೆ ಫೋನಿನಲ್ಲಿ ಮಗಳಿಗೆ ಅರ್ಧ ವಾಕ್ಯ. ಈಗ ಮಾತು ಪೂರ್ತಿ ಬಂದಿದೆ. ನೆಗಡಿಯಾದವರ ದನಿಯ ಹಾಗೆ ದಪ್ಪಗಿದೆ, ಸಂಜೆಯ ಹೊತ್ತಿಗೆ ದಣಿಯುತ್ತದೆ. ಕೂಗು ಮಾತ್ರ ಇನ್ನೂ ಬಂದಿಲ್ಲ. ಬರುತ್ತದೆ, ಅವಸರ ಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅವಳ ದನಿ ತಗ್ಗಿದ್ದರಿಂದ ನಾನೀಗ ಕೆಲಸ ಬಿಟ್ಟು ಹತ್ತಿರ ಹೋಗಿ ಕೇಳಬೇಕಾಗುತ್ತದೆ. ಅದೂ ರೂಢಿಯಾಗುತ್ತಿದೆ.

ಗೆಳೆಯನ ಡೈನಮಿಕ್ ಹಿಂದಿರುಗಿಸಲು ಹೋದ ದಿನ, ನಿನ್ನ ಮೈಕನ್ನೂ ಮಾರಿಬಿಡುತ್ತೀಯಾ ಎಂದು ಅವನು ಕೇಳಿದ. ಇಲ್ಲ ಎಂದೆ. ಕಂಡೆನ್ಸರು ಆರಿಸಿದ್ದು ಸರಿಯೋ ತಪ್ಪೋ ಎಂಬ ವಾದವನ್ನು ನಾವು ಇನ್ನೂ ಮುಗಿಸಿಲ್ಲ.

ಮುಂದಿನ ಬೆಳೆ ಬಂತು. ಹುಳುಗಳು ಜ್ವರಕ್ಕೆ ಕೂತ ದಿನ ನಾನು ಸುಣ್ಣ ಉದುರಿಸಿ ಹೊರಗೆ ಬರುತ್ತಿದ್ದೆ. ಅವಳು ಮೈಕು, ಸ್ಟ್ಯಾಂಡು, ತಂತಿ ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡು ಎದುರಿಗೆ ಬಂದಳು. ತಾನೇ ಸ್ಟೂಲು ಎಳೆದು ಮೈಕು ಕೂರಿಸಿದಳು. ಎಂದಿನಂತೆ ನಾನು ಅದರ ಹಿಂದೆ ಹೋಗಿ ಕೂರಲು ಹೊರಟೆ.

"ಅಲ್ಲಲ್ಲ. ಈ ಕಡೆ ಬನ್ನಿ. ಅದರ ಮುಂದೆ ಕೂತ್ಕೊಳ್ಳಿ."

"ಯಾಕಮ್ಮಿ?"

"ಮಾತು ಹೋಗಿತ್ತಲ್ಲ, ಆವಾಗ ಎಲ್ಲಾನೂ ಕೇಳ್ದೆ. ಎಲ್ಲಾ ನಂದೇ. ನೀವು ಅಲ್ಲೇ ಕೂತಿದ್ರಿ, ಏನೇನೋ ಕೇಳಿದ್ರಿ, ಒಂದೂ ಅದ್ರಲ್ಲಿ ತಿಳಿಯಲ್ಲ. ನಾನು ಯಾರಿಗೆ ಉತ್ರ ಹೇಳ್ತಿದೀನಿ ಅಂತ್ಲೇ ಗೊತ್ತಾಗಲ್ಲ. ಭಾಯಣ್ಣನ್ನ ಕೇಳ್ದೆ. ಮುಂದಿರೋರ್‍ದು ಮಾತ್ರ ಹಿಡೀತದಂತೆ, ಹಿಂದಿರೋರ್‍ದು ಸರ್ಯಾಗಿ ಹಿಡಿಯಲ್ವಂತೆ."

ಅವಳು ಹಿಂದಕ್ಕೆ ಹೋಗಿ ನನ್ನ ಜಾಗದಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡಳು. ಫೋನಿನ ಕೆಂಪು ಗುಂಡಿ ಒತ್ತಿ, ಹೇಳಿ ಎನ್ನುವಂತೆ ಗದ್ದ ಎತ್ತಿದಳು. ಈ ಸಲದ ಹುಳ ಚೆನ್ನಾಗಿವೆ ಎಂದೆ. ಅವಳು ತಲೆಯಾಡಿಸಿದಳು. ಸೊಪ್ಪು ಸಾಲುವಂತೆ ಕಾಣುತ್ತದೆ ಎಂದೆ. ಅದಕ್ಕೂ ತಲೆಯಾಡಿಸಿದಳು. ಸುತ್ತ ಒಂದು ಹುಳುವೂ ಬಾಯಾಡಿಸುತ್ತಿರಲಿಲ್ಲ. ಏನು ಹೇಳಿದರೂ ಕೇಳಿಸಿಯೇ ಕೇಳಿಸುತ್ತದೆ ಎಂಬಂಥ ಹೊತ್ತು.

"ಆವತ್ತು ಆಸ್ಪತ್ರೆಲಿ ನಿನ್ನ ಬಾಯಿಂದ ಗಾಳಿ ಮಾತ್ರ ಬಂತಲ್ಲ" ಎಂದೆ. "ಭಯ ಆಗ್ಬುಡ್ತು ಕಣಮ್ಮಿ ನಂಗೆ. ನೀನು ಕರೀದೇ ಇದ್ರೆ ನಾನು ಮನೆಗೆ ಹೆಂಗೆ ಬರ್ಲಿ ಅನ್ನುಸ್ಬುಡ್ತು."

ಅವಳು ಎರಡು ಕೈಯಲ್ಲೂ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಳು.

"ಇನ್ನೊಂದ್ ಕಿತ ಹೇಳಿ" ಎಂದಳು, ಆ ಹೊಸ ದಪ್ಪ ದನಿಯಲ್ಲಿ. "ಒಸಿ ಹತ್ರ ಬಂದು ಹೇಳಿ."